ಇಟ್ಟಿಗೆ ಹೊತ್ತು ಗುಡ್ಡ ಏರಿದ ಊರು

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು 20 ನಿಮಿಷಕ್ಕೆ ಸೇಂಟ್ ಆಲ್ಬನ್ಸ್ ಬರುತ್ತದೆ. ನಮ್ಮ ಕುಂಬಾರವಾಡದಲ್ಲಿ ಬಸ್ಸು ಕಾಯುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು! ಮಗನ ಮನೆಗೆ ಹೋಗಿದ್ದಾಗ ಒಂದು ಶನಿವಾರ ಮೊಮ್ಮಗನೇ ನನ್ನನ್ನು ಅಲ್ಲಿಗೆ ಕರೆದೊಯ್ದ.

ಮಕ್ಕಳೇ, ಸುಮಾರು 2000 ವರ್ಷಗಳ ಹಿಂದೆ ಬ್ರಿಟನ್ನನ್ನು ಗೆದ್ದ ರೋಮನ್ನರು ಅಲ್ಲಿ ಕಟ್ಟಿದ ಪಟ್ಟಣದ ಹೆಸರು ವೆರುಲೇಮಿಯಂ. ಕ್ರಿ.ಶ. 60ರ ಸುಮಾರಿಗೆ ಬೌಡಿಕಾ ಎಂಬ ರಾಣಿ ದಂಗೆಯೆದ್ದು ಅದನ್ನು ಸುಟ್ಟುಹಾಕಿದಳು.

"ನಮ್ಮ ಕಿತ್ತೂರು ಚೆನ್ನಮ್ಮನ ಹಾಗಾ ಅಜ್ಜ?" ಎಂದ ಹುಡುಗ. ಗಂಡ ಸತ್ತ ಮೇಲೆ ರಾಜ್ಯ ನುಂಗಲು ಬಂದವರ ಮೇಲೆ ಇಬ್ಬರೂ ತಿರುಗಿಬಿದ್ದದ್ದು ನಿಜ. ಆದರೆ ಚೆನ್ನಮ್ಮ ಊರು ಸುಟ್ಟವಳಲ್ಲ ಎಂದೆ.

ಸುಟ್ಟ ಊರು ಮತ್ತೆ ಎದ್ದಿತು. ಅದರ ನಾಟಕಶಾಲೆಯ ಅಡಿಪಾಯ ಈಗಲೂ ಇದೆ. ಉದ್ಯಾನದಲ್ಲಿ ಒಂದು ಪುಟ್ಟ ಕಟ್ಟಡದೊಳಗೆ ಬಣ್ಣದ ಕಲ್ಲಿನ ಚೂರುಗಳನ್ನು ಜೋಡಿಸಿದ ನೆಲವಿದೆ. ಕೆಳಗೆ ಬಿಸಿಗಾಳಿ ಹರಿಯಲು ದಾರಿ. ನಮ್ಮ ಬಚ್ಚಲ ಒಲೆಗೆ ಹೊರಗಿನಿಂದ ಕಟ್ಟಿಗೆ ತುರುಕಿದಂತೆ ಅವರೂ ಬೆಂಕಿ ಹಾಕುತ್ತಿದ್ದರು. ಒಳಗೆ ಕೋಣೆಯ ನೆಲವೇ ಬೆಚ್ಚಗಾಗುತ್ತಿತ್ತು.

ನನ್ನ ಕಾಲು ನಿಂತದ್ದು ವಸ್ತುಸಂಗ್ರಹಾಲಯದ ಮಡಕೆಗಳ ಮುಂದೆ. ಕುಂಬಾರವಾಡದವನಲ್ಲವೇ! ಆ ಸೀಮೆಯ ಕುಂಬಾರರು ಅರೆಯುವುದಕ್ಕೆಂದು ಒಳಗೆ ಹರಳು ಮೆತ್ತಿದ ಒರಟು ಬಟ್ಟಲು ಮಾಡಿ, ಅಂಚಿನ ಮೇಲೆ ತಮ್ಮ ಹೆಸರಿನ ಮುದ್ರೆ ಒತ್ತುತ್ತಿದ್ದರು. ಆಲ್ಬೈನಸ್ ಎಂಬವನ ಮುದ್ರೆಯಂತೂ ಎಷ್ಟೋ ಕಡೆ ಸಿಕ್ಕಿದೆ. ಚಕ್ರವರ್ತಿಯ ಹೆಸರು ಉಳಿಯುವುದು ದೊಡ್ಡದಲ್ಲ, ಕುಂಬಾರನ ಹೆಸರು ಉಳಿದಿದೆಯಲ್ಲ!

1930ರಿಂದ 1933ರವರೆಗೆ ಇಲ್ಲಿ ಅಗೆದವರು ಮಾರ್ಟಿಮರ್ ವೀಲರ್ ಮತ್ತು ಅವರ ಹೆಂಡತಿ ಟೆಸ್ಸಾ. ಅದೇ ವೀಲರ್ 1947ರಲ್ಲಿ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ, ಬ್ರಹ್ಮಗಿರಿಯಲ್ಲೂ ಅಗೆದರು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ ಎಂದಾಗ ಮೊಮ್ಮಗ ನಂಬಲಿಲ್ಲ. ಹಡಗಿನಲ್ಲಿ ಬಂದ ರೋಮನ್ನರ ಹಣ ನಮ್ಮ ಮೆಣಸಿಗೂ ಬಟ್ಟೆಗೂ ಕೈ ಬದಲಾಯಿಸುತ್ತಾ ಒಳನಾಡಿಗೂ ಹರಿಯುತ್ತಿತ್ತು ಎಂದು ಬಿಡಿಸಿ ಹೇಳಬೇಕಾಯಿತು.

ಐದನೆಯ ಶತಮಾನದಲ್ಲಿ ರೋಮನ್ನರ ಆಡಳಿತ ಮುಗಿಯಿತು, ಕೆಳಗಿನ ಪಟ್ಟಣ ಬರಿದಾಯಿತು. ಹೊಳೆಯಾಚೆಯ ಗುಡ್ಡದ ಮೇಲೆ, ಧರ್ಮಕ್ಕಾಗಿ ತಲೆ ಕೊಟ್ಟ ಆಲ್ಬನ್ ಎಂಬ ಸಂತನ ಹೆಸರಿನಲ್ಲಿ ಹೊಸ ಊರು ಬೆಳೆಯಿತು. 1077ರಲ್ಲಿ ದೊಡ್ಡ ಇಗರ್ಜಿ ಕಟ್ಟಲು ಶುರುಮಾಡಿದವರು ಹಾಳೂರಿನ ಇಟ್ಟಿಗೆಗಳನ್ನೇ ಹೊತ್ತು ತಂದರು. ಅದರ ಗೋಪುರದಲ್ಲಿ ಆ ತೆಳ್ಳನೆಯ ಕೆಂಪು ಇಟ್ಟಿಗೆಗಳು ಇಂದಿಗೂ ಎದ್ದು ಕಾಣುತ್ತವೆ.

ಅವನ್ನು ನೋಡುತ್ತಾ ನನಗೆ ಸೂಪಾ ನೆನಪಾಯಿತು. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು, 1980ರ ದಶಕದಲ್ಲಿ ಸೂಪಾ ಪೇಟೆ ನೀರಿನಡಿಗೆ ಹೋಯಿತು. ನಮ್ಮ ಸೋದರಮಾವ ಮನೆಯ ಹೆಂಚು, ತೊಲೆ, ತಲೆಬಾಗಿಲು ಎಲ್ಲವನ್ನೂ ಕಳಚಿ ಲಾರಿಗೆ ಹೇರಿ ರಾಮನಗರಕ್ಕೆ ಹೋದ. ಬಾಗಿಲಿನ ಒಂದು ತುದಿಗೆ ನಾನೂ ಹೆಗಲು ಕೊಟ್ಟಿದ್ದೆ. ಅತ್ತೆ ಲಾರಿ ಹತ್ತುವ ಮೊದಲು ಬರಿಯ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿದ್ದಳು.

"ಆ ಬಾಗಿಲು ಈಗಲೂ ಇದೆಯಾ ಅಜ್ಜ?"

ಇದೆ. ಹೊಸ ಮನೆಯ ಅಳತೆಗೆ ಕೂಡದೆ ಕೆಳಗೆ ಎರಡು ಬೆರಳಷ್ಟು ಕೊಯ್ದಿದ್ದಾರೆ, ಅಷ್ಟೆ. ಹುಡುಗ ಅದನ್ನು ಮುಟ್ಟಿ ನೋಡಬೇಕಂತೆ. ಅವನ ಶಾಲೆಗೆ ದೊಡ್ಡ ರಜೆ ಸಿಗುವುದು ಆಗಸ್ಟಿನಲ್ಲಿ; ನಮ್ಮಲ್ಲಿ ಆಗ ಜಡಿಮಳೆ. ಕೊಡೆ ಹಿಡಿದಾದರೂ ಕರೆದುಕೊಂಡು ಹೋಗುತ್ತೇನೆ ಎಂದಿದ್ದೇನೆ.