ನೀವು ಹೋಗಿ ಬನ್ನಿ, ನಾನಿಲ್ಲೇ ಕೂತಿರ್ತೀನಿ

ಪ್ರವಾಸ ಹೋದ ಮನೆಗಳಲ್ಲಿ ಅಜ್ಜಿಯರು ಒಂದಲ್ಲ ಒಂದು ಕಡೆ ಈ ಮಾತು ಆಡಿಯೇ ಇರುತ್ತಾರೆ. ಬೆಟ್ಟದ ಬುಡದಲ್ಲೋ, ಜಲಪಾತದ ಮೆಟ್ಟಿಲ ಹತ್ತಿರವೋ, ಕೋಟೆಯ ಬಾಗಿಲಲ್ಲೋ. ಉಳಿದವರು 'ಬೇಗ ಬಂದ್ಬಿಡ್ತೀವಿ' ಎಂದು ಕೈಗೊಂದು ನೀರಿನ ಬಾಟಲಿ ಕೊಟ್ಟು ಹೊರಟುಬಿಡುತ್ತಾರೆ. ಅಮೆರಿಕದಲ್ಲಿರುವ ಮಗನ ಮನೆಗೆ ಆರು ತಿಂಗಳು ಹೋಗಿದ್ದಾಗ ನನ್ನ ಹೆಂಡತಿ ಇದೇ ಮಾತನ್ನು ಟಾಹೋ ಸರೋವರದ ಮೇಲಿನ ಪಾರ್ಕಿಂಗ್ ಜಾಗದಲ್ಲಿ ಆಡಿದಳು. ನಾನೂ ಹೊರಟುಬಿಟ್ಟೆ.

ಮಕ್ಕಳೇ, ಅಟ್ಲಾಸ್ ಇದ್ದರೆ ತೆಗೆದು ನೋಡಿ. ಕ್ಯಾಲಿಫೋರ್ನಿಯಾ ರಾಜ್ಯದ ಪೂರ್ವದ ಗಡಿ ಒಂದು ಕಡೆ ಮೊಣಕೈಯಂತೆ ಮಡಚಿಕೊಂಡಿದೆ. ಆ ಮಡಿಕೆಯಲ್ಲೇ ಇದೆ ಟಾಹೋ. ಗಡಿರೇಖೆ ನೀರಿನ ನಡುವೆಯೇ ಹಾಯುವುದರಿಂದ ಸರೋವರದ ಸುಮಾರು ಮೂರನೆಯ ಎರಡು ಭಾಗ ಕ್ಯಾಲಿಫೋರ್ನಿಯಾಕ್ಕೆ, ಉಳಿದದ್ದು ನೆವಾಡಾಕ್ಕೆ. ಉದ್ದ 35 ಕಿಲೋಮೀಟರ್, ಅಗಲ 19. ನಮ್ಮ ಮುಳ್ಳಯ್ಯನಗಿರಿಯ ತುದಿ ಸಮುದ್ರಮಟ್ಟದಿಂದ 6,330 ಅಡಿ ಎತ್ತರದಲ್ಲಿದೆಯಲ್ಲ, ಈ ಸರೋವರದ ನೀರಿನ ಮಟ್ಟವೇ 6,225 ಅಡಿ! ಇನ್ನು ಆಳವೋ, 1,645 ಅಡಿ. ಜೋಗದ ಜಲಪಾತ 830 ಅಡಿ. ಅಂದರೆ ಒಂದು ಜೋಗದ ಮೇಲೆ ಇನ್ನೊಂದು ಜೋಗ ಇಟ್ಟು ಮುಳುಗಿಸಿದರೆ ತುದಿ ಮಾತ್ರ ಸ್ವಲ್ಪ ಇಣುಕೀತು. ಸುತ್ತಲಿನ ಬೆಟ್ಟಗಳಿಂದ 63 ಹಳ್ಳಗಳು ಇದಕ್ಕೆ ನೀರು ತರುತ್ತವೆ. ಹೊರಗೆ ಹೋಗುವುದು ಟ್ರಕೀ ಎಂಬ ಒಂದೇ ಹೊಳೆ. ಅದೂ ಸಮುದ್ರ ಸೇರುವುದಿಲ್ಲ, ನೆವಾಡಾದ ಮರುಭೂಮಿಯಲ್ಲಿರುವ ಪಿರಮಿಡ್ ಸರೋವರದಲ್ಲಿ ಮುಗಿದುಹೋಗುತ್ತದೆ. ಇಲ್ಲಿನ ಮೂಲ ನಿವಾಸಿಗಳು ವಾಶೋ ಜನ. ಟಾಹೋ ಎಂಬ ಹೆಸರು ಬಂದದ್ದು ಅವರ ಮಾತಿನಿಂದ. ಅದರ ಅರ್ಥ ಸರೋವರ ಎಂದಷ್ಟೇ.

ದಂಡೆಯ ಸುತ್ತ ಹಲವು ಸ್ಟೇಟ್ ಪಾರ್ಕ್‌ಗಳಿವೆ. ರಾಷ್ಟ್ರೀಯ ಉದ್ಯಾನಗಳನ್ನು ಅಲ್ಲಿನ ಕೇಂದ್ರ ಸರ್ಕಾರ ನೋಡಿಕೊಂಡರೆ, ಇವು ಆಯಾ ರಾಜ್ಯ ಸರ್ಕಾರದವು. ರಾಷ್ಟ್ರೀಯ ಉದ್ಯಾನಕ್ಕೆಂದು ಮಾಡಿಸಿಟ್ಟ ವಾರ್ಷಿಕ ಪಾಸು ಇಲ್ಲಿ ನಡೆಯುವುದಿಲ್ಲ. ಇದು ತಿಳಿದದ್ದೂ ನಾವು ಹೋದ ಮೇಲೆಯೇ.

ಜೂನ್ ತಿಂಗಳ ಒಂದು ಶನಿವಾರ ಎಮರಾಲ್ಡ್ ಬೇ ಸ್ಟೇಟ್ ಪಾರ್ಕ್‌ಗೆ ಹೋದೆವು. ಪಚ್ಚೆ ಬಣ್ಣದ ಪುಟ್ಟ ಕೊಲ್ಲಿ, ನಡುವೆ ಫ್ಯಾನೆಟ್ ಎಂಬ ಕಲ್ಲಿನ ದ್ವೀಪ. ಇಡೀ ಸರೋವರಕ್ಕೆ ಇರುವುದು ಇದೊಂದೇ ದ್ವೀಪ. ಕೊಲ್ಲಿಯ ದಂಡೆಯಲ್ಲಿ ವೈಕಿಂಗ್ಸ್‌ಹೋಮ್ ಎಂಬ ಬಂಗಲೆಯಿದೆ. ಲೋರಾ ಜೋಸೆಫಿನ್ ನೈಟ್ ಎಂಬ ಸಿರಿವಂತ ಮಹಿಳೆ 1929ರಲ್ಲಿ ಸ್ಕ್ಯಾಂಡಿನೇವಿಯಾದ ಹಳೆಯ ಮನೆಗಳ ಮಾದರಿಯಲ್ಲಿ ಕಟ್ಟಿಸಿದ್ದು. ಅದರ ಕೆಲವು ಮಾಡುಗಳ ಮೇಲೆ ಹುಲ್ಲು ಬೆಳೆಯುತ್ತದೆ. ಆಕೆ ಚಹಾ ಕುಡಿಯಲೆಂದೇ ದ್ವೀಪದ ನೆತ್ತಿಯಲ್ಲಿ ಕಲ್ಲಿನ ಪುಟ್ಟ ಮನೆಯೊಂದನ್ನು ಕಟ್ಟಿಸಿದ್ದರು. ಅತಿಥಿಗಳನ್ನು ದೋಣಿಯಲ್ಲಿ ಅಲ್ಲಿಗೆ ಕರೆದೊಯ್ಯುತ್ತಿದ್ದರಂತೆ. ಕಾಫಿಗೆ ಇಷ್ಟು ಕಷ್ಟಪಡುವವರನ್ನು ನಾನು ನಮ್ಮ ಕಡೆ ಕಂಡಿಲ್ಲ. ಈಗ ಗೋಡೆಗಳಷ್ಟೇ ಉಳಿದಿವೆ. ಫೆಬ್ರವರಿಯಿಂದ ಜೂನ್ ಮಧ್ಯದವರೆಗೆ ಅಲ್ಲಿ ಹೆಬ್ಬಾತುಗಳು ಮೊಟ್ಟೆಯಿಡುವುದರಿಂದ ಮನುಷ್ಯರು ಕಾಲಿಡುವಂತಿಲ್ಲ.

ಪಾರ್ಕಿಂಗ್ ಜಾಗದಿಂದ ನೀರಿನವರೆಗೆ ಒಂದು ಮೈಲಿ ಎಂದು ನಾನು ಓದಿಕೊಂಡಿದ್ದೆ. ಒಂದು ಮೈಲಿ ತಾನೇ, ಸಂಜೆ ವಾಕಿಂಗ್‌ಗೆ ಅದಕ್ಕಿಂತ ದೂರ ಹೋಗುತ್ತೇವೆ ಎಂದು ಹೇಳಿ ಅವಳನ್ನು ಒಪ್ಪಿಸಿದವನೂ ನಾನೇ. ಹೋಗಿ ನೋಡಿದರೆ ಆ ಒಂದು ಮೈಲಿಯಲ್ಲಿ 400ರಿಂದ 500 ಅಡಿ ಇಳಿಯಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಯೂ ಹತ್ತಿರಹತ್ತಿರ ಅಷ್ಟೇ ಎತ್ತರ. ಆದರೆ ಅಲ್ಲಿ ಮೊದಲು ಹತ್ತುತ್ತೇವೆ, ದಣಿದ ಮೇಲೆ ಇಳಿಯುವುದು. ಇಲ್ಲಿ ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ. ಇಳಿದವರು ಹತ್ತಲೇಬೇಕು, ಬೇರೆ ದಾರಿಯಿಲ್ಲ. ಎರಡೂ ಮೊಣಕಾಲು ನೋವಿನ ನನ್ನಾಕೆ ಒಮ್ಮೆ ಕೆಳಗೆ ನೋಡಿ ಆ ಮಾತು ಹೇಳಿದಳು. ನಾವು ಮೇಲೆ ಬರುವ ಹೊತ್ತಿಗೆ ಎರಡೂವರೆ ಗಂಟೆ ಕಳೆದಿತ್ತು. ಬಂಡೆಯೊಂದರ ಮೇಲೆ ಸೆರಗು ಹೊದ್ದು ಕೂತಿದ್ದಳು. 'ಇಲ್ಲಿಂದಲೇ ಎಲ್ಲಾ ಚೆನ್ನಾಗಿ ಕಾಣ್ಸುತ್ತೆ' ಎಂದಳು.

ಕಾಣಿಸುತ್ತದೆ, ನಿಜ. ಆದರೆ ಅವಳ ಪದ್ಧತಿ ಬೇರೆ. ಕಾವೇರಿಯಾಗಲಿ, ತುಂಗಭದ್ರೆಯಾಗಲಿ, ದಾರಿಯಲ್ಲಿ ಸಿಕ್ಕ ಊರಕೆರೆಯಾಗಲಿ, ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಬಂದವಳಲ್ಲ. ಆ ರಾತ್ರಿ ಮೊಮ್ಮಗಳು 'ಅಜ್ಜಿ, ಲೇಕ್ ಹೇಗಿತ್ತು?' ಎಂದು ಕೇಳಿದಾಗ, 'ನಾನು ನೋಡಿದ್ದು ಪಾರ್ಕಿಂಗ್ ಲಾಟು ಕಣೇ' ಎಂದಳು. ನಗುತ್ತಲೇ ಹೇಳಿದಳು. ನನಗೆ ಊಟ ಸೇರಲಿಲ್ಲ.

ಮೊಮ್ಮಗಳು ಐದನೇ ತರಗತಿ. ಮಾರನೆಯ ವಾರ ಒಂದು ಹಾಳೆ ತಂದು ನನ್ನ ಮುಂದಿಟ್ಟಳು. 'ತಾತ, ನೀವು ಎಷ್ಟು ದೂರ ಅಂತ ನೋಡಿದ್ರಿ, ಎಷ್ಟು ಇಳೀಬೇಕು ಅಂತ ನೋಡ್ಲಿಲ್ಲ.' ಹಾಳೆಯಲ್ಲಿ ಮೊದಲ ಪ್ರಶ್ನೆ: ಕಾರಿಂದ ನೀರಿಗೆ ಅಜ್ಜಿಯ ಹೆಜ್ಜೆಯಲ್ಲಿ ಎಷ್ಟು ಹೊತ್ತು? ಎರಡನೆಯದು: ಟಾಯ್ಲೆಟ್ ಎಲ್ಲಿ? ಮೂರನೆಯದು: ಕೂರಲು ನೆರಳು ಇದೆಯಾ? ಉಳಿದದ್ದೆಲ್ಲ ಆಮೇಲೆ. ಮೂವತ್ತು ವರ್ಷ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದ ನನಗೆ ಈ ಕ್ರಮ ಹೊಳೆದಿರಲಿಲ್ಲ.

ಸ್ಟೇಟ್ ಪಾರ್ಕ್‌ಗಳ ಜಾಲತಾಣದಲ್ಲಿ ನಕ್ಷೆಗಳಿರುತ್ತವೆ. ಏರುತಗ್ಗು, ಗಾಲಿಕುರ್ಚಿ ಹೋಗುವ ದಾರಿ, ಶೌಚಾಲಯ ಎಲ್ಲವನ್ನೂ ಅವುಗಳಲ್ಲಿ ಹುಡುಕಬಹುದು. ಅವಳೂ ಸೊಸೆಯೂ ಕೂತು ಹುಡುಕಿದ ಮೇಲೆ ಸಿಕ್ಕಿದ್ದು ಅದೇ ಸರೋವರದ ಎದುರು ದಂಡೆ: ಲೇಕ್ ಟಾಹೋ ನೆವಾಡಾ ಸ್ಟೇಟ್ ಪಾರ್ಕ್‌ನ ಸ್ಯಾಂಡ್ ಹಾರ್ಬರ್. ಅಲ್ಲಿ ಕಾರು ನಿಲ್ಲಿಸುವ ಜಾಗದಿಂದ ಮರಳ ದಂಡೆ ಹತ್ತಿರ. ಮರದ ಹಲಗೆಯ ಸಮತಟ್ಟು ಕಾಲುದಾರಿಯೂ ಇದೆ. ಆದರೆ ಬೇಸಿಗೆಯಲ್ಲಿ ಬೆಳಗಿನ ಹೊತ್ತು ಕಾರು ಒಳಗೆ ಬಿಡಬೇಕಾದರೆ ಮೊದಲೇ ಕಾಯ್ದಿರಿಸಬೇಕು. ಈ ನಿಯಮಗಳು ಬದಲಾಗುತ್ತಿರುವುದರಿಂದ ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ. ಆಗಸ್ಟ್ ಮೊದಲ ವಾರದ ಮಂಗಳವಾರ ಎಂದು ಗೊತ್ತು ಮಾಡಿದೆವು. ಮಂಗಳವಾರ ಪ್ರಯಾಣ ಬೇಡ ಎನ್ನುವವಳು ನನ್ನಾಕೆ. ಜನ ಕಡಿಮೆ ಎಂದಾಗ ಸುಮ್ಮನಾದಳು.

ಸ್ಯಾನ್ ಹೋಸೆಯಿಂದ ನಾಲ್ಕು ಗಂಟೆಗೂ ಹೆಚ್ಚು ದಾರಿ. ಹಿಂದಿನ ದಿನವೇ ಹೋಗಿ ಸರೋವರದ ಹತ್ತಿರ ಉಳಿದುಕೊಂಡೆವು. ಆ ಎತ್ತರದಲ್ಲಿ ಗಾಳಿ ತೆಳು, ಬೇಗ ಏದುಸಿರು ಬರುತ್ತದೆ. ಒಂದು ರಾತ್ರಿ ಕಳೆದರೆ ಮೈ ಸ್ವಲ್ಪ ಹೊಂದಿಕೊಳ್ಳುತ್ತದೆ. ಎದೆಯ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಹೊರಡಬೇಕು. ಬಿಸಿಲು ಚುರುಕು, ನೆರಳಿಗೆ ಹೋದರೆ ಚಳಿ. ಟೋಪಿಯೂ ಸ್ವೆಟರೂ ಎರಡೂ ಬೇಕು. ಪುಳಿಯೋಗರೆ, ಚಕ್ಕುಲಿ ಕಟ್ಟಿಕೊಂಡಿದ್ದೆವು. ಕಾರಿನಲ್ಲಿ ಬಿಡುವಂತಿಲ್ಲ. ಅಲ್ಲಿನ ಕಪ್ಪು ಕರಡಿಗಳು ವಾಸನೆ ಹಿಡಿದು ಬಂದು ಕಾರಿನ ಬಾಗಿಲು ತೆಗೆಯುವುದನ್ನೂ ಕಲಿತಿವೆ. ಚಕ್ಕುಲಿ ಡಬ್ಬಿ ಕಾಯುವ ಕೆಲಸ ನನ್ನದಾಯಿತು.

ಮೊಮ್ಮಗಳು ಒಂದು ಸ್ಟೀಲ್ ತಟ್ಟೆಗೆ ದಾರ ಕಟ್ಟಿ ತಂದಿದ್ದಳು. ಟಾಹೋದ ನೀರು ಎಷ್ಟು ತಿಳಿ ಎಂದು ವಿಜ್ಞಾನಿಗಳು ಅಳೆಯುವುದು ಹೀಗೆಯೇ. ಬಿಳಿ ತಟ್ಟೆಯೊಂದನ್ನು ದೋಣಿಯಿಂದ ಇಳಿಸುತ್ತಾ ಹೋಗಿ ಎಷ್ಟು ಅಡಿಗೆ ಕಣ್ಮರೆಯಾಯಿತು ಎಂದು ಬರೆದಿಡುತ್ತಾರೆ. 1968ರಲ್ಲಿ ವರ್ಷದ ಸರಾಸರಿ 102 ಅಡಿ ಇತ್ತು. ಈಚಿನ ವರ್ಷಗಳಲ್ಲಿ 60ರಿಂದ 70ರ ಆಸುಪಾಸು. ರಸ್ತೆಗಳಿಂದ ಕೊಚ್ಚಿ ಬರುವ ನುಣುಪು ಧೂಳು ಮತ್ತು ಹೆಚ್ಚಿದ ಪಾಚಿ ಇದಕ್ಕೆ ಕಾರಣ. ನಮ್ಮ ತಟ್ಟೆಯೋ ಸೊಂಟದಷ್ಟು ನೀರಿನಲ್ಲಿ ತಳ ಸೇರಿತು. ಅದರ ಅಂಚಿನಲ್ಲಿ ಕೊರೆಸಿದ್ದ ಅಜ್ಜಿಯ ತವರಿನವರ ಹೆಸರು ಮೇಲಿನಿಂದಲೇ ಓದಲು ಬಂತು.

ಹಲಗೆಯ ದಾರಿ ಮುಗಿದ ಮೇಲೆ ಒಂದು ತೊಡಕಾಯಿತು. ಹಾಳೆಯಲ್ಲಿ ಬರೆಯದೆ ಬಿಟ್ಟದ್ದು ಅದೊಂದೇ: ಮರಳಿನಲ್ಲಿ ಊರುಗೋಲು ಹೂತುಹೋಗುತ್ತದೆ. ನನ್ನಾಕೆ ನಿಂತಳು. 'ನೀವು...' ಎಂದು ಶುರು ಮಾಡುವಷ್ಟರಲ್ಲಿ ಮೊಮ್ಮಗಳು ಕೋಲು ಕಿತ್ತುಕೊಂಡು ತನ್ನ ಹೆಗಲು ಕೊಟ್ಟಳು. ಇನ್ನೊಂದು ಕಡೆ ಸೊಸೆ. ಇಪ್ಪತ್ತು ಹೆಜ್ಜೆಗೆ ಐದು ನಿಮಿಷ ಹಿಡಿಯಿತು. ಸೀರೆ ಎತ್ತಿಕೊಂಡು ಪಾದ ಮುಳುಗುವಷ್ಟು ನೀರಿಗಿಳಿದು, ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೊತ್ತಿಕೊಂಡಳು. 'ಅಯ್ಯಪ್ಪಾ, ಏನು ತಣ್ಣಗಿದೆ!' ಎಂದು ಕೂಗಿದ್ದಕ್ಕೆ ಪಕ್ಕದಲ್ಲಿದ್ದ ಬಿಳಿಯರ ಮಗುವೊಂದು ತಿರುಗಿ ನೋಡಿ ನಕ್ಕಿತು. ಮಡಚುವ ಕುರ್ಚಿಯನ್ನು ನೀರಿನ ಅಂಚಿಗೇ ಹಾಕಿಕೊಟ್ಟೆವು. ಕಾಲು ನೀರಿನಲ್ಲೇ ಬಿಟ್ಟುಕೊಂಡು ಕೂತಳು.

ಸ್ವಲ್ಪ ಹೊತ್ತಿನಲ್ಲಿ ಪಾದ ಜುಮ್ಮೆನ್ನತೊಡಗಿತು, ಒರೆಸಿಕೊಳ್ಳಲು ಟವೆಲ್ ಕೇಳಿದಳು. ಟವೆಲ್ ಕಾರಿನಲ್ಲೇ ಉಳಿದಿತ್ತು, ಮರೆತವನು ನಾನೇ. ನೀವೆಲ್ಲಾ ಇಲ್ಲೇ ಕೂತಿರಿ, ನಾನು ಹೋಗಿ ತರ್ತೀನಿ ಎಂದು ಹೊರಟೆ. 'ಚಕ್ಕುಲಿ ಡಬ್ಬಿ ಇಟ್ಟು ಹೋಗಿ, ರೀ' ಎಂದಳು.