ಮೊಮ್ಮಗಳ ಜೊತೆ ರಾಕ್ ಕೇಳಿದೆ

“ಅಜ್ಜ, ನೀವೂ ಬನ್ನಿ. ಆದರೆ ಅಲ್ಲಿ ಸೌಂಡ್ ತುಂಬಾ ಜೋರಿರುತ್ತೆ” ಎಂದಳು ಒಂಬತ್ತನೇ ಕ್ಲಾಸಿನ ನನ್ನ ಮೊಮ್ಮಗಳು. ಅವಳು ಎರಡನೇ ಸಲ ಹೇಳಿದಾಗ ನನಗೆ ಗೊತ್ತಾಯಿತು. ಮೊದಲನೇ ಸಲ ತುಟಿ ಅಲ್ಲಾಡಿದ್ದು ಕಂಡಿತ್ತು, ಅಷ್ಟೆ.

ಎರಡು ವರ್ಷದಿಂದ ನನ್ನ ಕಿವಿ ಮಂದ. ವಯಸ್ಸಾದವರಿಗೆ ಮೊದಲು ಹೋಗುವುದು ತೆಳುವಾದ, ಮೇಲಿನ ಸ್ವರಗಳು. ಜೀರುಂಡೆಯ ಸದ್ದು ಹೋಯಿತು. ಮಾತಿನಲ್ಲಿ ಸ, ಶ, ತ ಎಲ್ಲ ಒಂದೇ ಆದವು. ಮಕ್ಕಳೇ, ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರೊಳಗೆ ಕೂದಲೆಳೆಯಂಥ ತುದಿಗಳಿರುವ ಸೂಕ್ಷ್ಮ ಜೀವಕೋಶಗಳು. ಮೇಲಿನ ಸ್ವರ ಹಿಡಿಯುವವು ಬಾಗಿಲ ಬಳಿ, ಕೆಳಗಿನ ಸ್ವರ ಹಿಡಿಯುವವು ಒಳತುದಿಯಲ್ಲಿ. ಬಾಗಿಲ ಬಳಿಯವು ಮೊದಲು ಸವೆಯುತ್ತವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಕಿವಿಗೆ ಮಷಿನ್ ಹಾಕಿಸಿದ್ದಾರೆ. ಮಾತಿಗೆ ಅದು ಪರವಾಗಿಲ್ಲ. ಹಾಡು ಮಾತ್ರ ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ. ಇನ್ನು ನನಗೂ ಸಂಗೀತಕ್ಕೂ ಸಂಬಂಧ ಮುಗಿಯಿತು ಎಂದುಕೊಂಡು ರೇಡಿಯೋವನ್ನು ಕಪಾಟಿಗೆ ಸೇರಿಸಿದ್ದೆ. ಹಾಡು ಕೇಳಲೆಂದೇ ಊರೂರು ಅಲೆದವನು ನಾನು. ಶಿವಮೊಗ್ಗದ ನಮ್ಮ ಹೊಸಮನೆಯಲ್ಲಿ ಗಣಪತಿ ಕೂರಿಸಿದರೆ ಆರ್ಕೆಸ್ಟ್ರಾದವರ “ಹಲೋ, ಮೈಕ್ ಟೆಸ್ಟಿಂಗ್” ಕೇಳಿದೊಡನೆ ಊಟದ ತಟ್ಟೆ ಬಿಟ್ಟು ಓಡುತ್ತಿದ್ದೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ನಡೆಸಿದಾಗ ಆ ಜನಸಾಗರದಲ್ಲಿ ನಾನೂ ಒಬ್ಬ.

ಮೊಮ್ಮಗಳು ಕರೆದದ್ದು ರಘು ದೀಕ್ಷಿತ್ ತಂಡದ ಕಾರ್ಯಕ್ರಮಕ್ಕೆ. ನನ್ನ ಕಿರಿಮಗಳ ಮನೆ ಬೆಂಗಳೂರಿನಲ್ಲಿದೆ, ಅಲ್ಲಿಗೆ ಹೋಗಿ ಬರುವುದೆಂದಾಯಿತು. “ಇದು ಇಂಡಿ ರಾಕ್, ಅಜ್ಜ” ಎಂದಳು. ಇಂಡಿ ಎಂದರೆ ಇಂಡಿಪೆಂಡೆಂಟ್ ಎಂಬುದರ ಮೊಟಕು, ಅಂದರೆ ಸ್ವತಂತ್ರ. ಸಿನಿಮಾಕ್ಕೆಂದು ಮಾಡಿದ ಹಾಡಲ್ಲ. ತಂಡದವರೇ ರಾಗ ಹಾಕಿ, ವೇದಿಕೆಯಿಂದ ವೇದಿಕೆಗೆ ಹೊತ್ತು ತಿರುಗಿ, ಕೇಳುಗರನ್ನು ಒಬ್ಬೊಬ್ಬರಾಗಿ ಸಂಪಾದಿಸುವುದು. ನಮ್ಮ ಕಾಲದ ಆರ್ಕೆಸ್ಟ್ರಾದವರು ರಾಜ್‌ಕುಮಾರ್, ಪಿ.ಬಿ. ಶ್ರೀನಿವಾಸ್ ಹಾಡಿದ್ದನ್ನು ಹಾಗೇ ಹಾಡಬೇಕಿತ್ತು, ಒಂದು ಕೂದಲು ಆಚೀಚೆಯಾದರೂ ಕೂಗು ಬೀಳುತ್ತಿತ್ತು. ಇಲ್ಲಿ ಲೆಕ್ಕ ತಿರುಗುಮುರುಗು.

ಹೊರಡುವ ಮುಂಚೆ ನನ್ನನ್ನು ತಯಾರು ಮಾಡಲೆಂದು ಫೋನಿನಲ್ಲಿ ‘ಸ್ವರಾತ್ಮ’ ಎಂಬ ಇನ್ನೊಂದು ಬೆಂಗಳೂರಿನ ತಂಡವನ್ನು ತೋರಿಸಿದಳು. ಹಾಡುಗಾರ ಸೊಂಟಕ್ಕೆ ಆಟದ ಕುದುರೆ ಕಟ್ಟಿಕೊಂಡು ಕುಣಿಯುತ್ತಿದ್ದಾನೆ! “ಅರೆ, ಇದು ನಮ್ಮ ಕೀಲುಕುದುರೆ ಕಣೇ. ಮೆರವಣಿಗೆಯಲ್ಲಿ ಬರುತ್ತಿತ್ತು” ಎಂದೆ. ಅವಳಿಗೆ ಕೀಲುಕುದುರೆ ಗೊತ್ತಿರಲಿಲ್ಲ, ನನಗೆ ಸ್ವರಾತ್ಮ ಗೊತ್ತಿರಲಿಲ್ಲ. ಕುದುರೆ ಚೆನ್ನಾಗಿ ಕಂಡಿತು, ಹಾಡು ಮಾತ್ರ ಸೊಳ್ಳೆ ಗುಂಯ್‌ಗುಟ್ಟಿದಂತಿತ್ತು.

ಮೆಡಿಕಲ್ ಶಾಪಿನಲ್ಲಿ ಸ್ಪಂಜಿನ ಇಯರ್ ಪ್ಲಗ್ ಎರಡು ಜೊತೆ ಕೊಂಡೆ. ಒಂದು ನನಗೆ, ಒಂದು ಅವಳಿಗೆ. ಮುಖ ಸಿಂಡರಿಸಿದಳು. ಇದರಲ್ಲಿ ನಾನು ಹಟ ಬಿಡಲಿಲ್ಲ. 85 ಡೆಸಿಬೆಲ್ ಸದ್ದನ್ನು ಕಿವಿ 8 ಗಂಟೆ ತಾಳಬಲ್ಲದು ಎಂಬುದು ತಜ್ಞರ ಲೆಕ್ಕ. ಅಲ್ಲಿಂದ ಮುಂದೆ 3 ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. ನೂರಕ್ಕೆ ಮುಟ್ಟಿದರೆ ಕಾಲು ಗಂಟೆ ಮಾತ್ರ. ರಾಕ್ ವೇದಿಕೆಯ ಮುಂದೆ ನೂರು ದಾಟುವುದು ಸಾಮಾನ್ಯ. ಹತ್ತಿ ಉಂಡೆ ತುರುಕಿಕೊಂಡರೆ ಸಾಲದು.

ಮೈದಾನದಲ್ಲಿ ಕುರ್ಚಿಗಳೇ ಇಲ್ಲ! ಎಲ್ಲರೂ ನಿಂತೇ ಕೇಳಬೇಕಂತೆ. ಸೆಕ್ಯೂರಿಟಿಯ ಹುಡುಗ ನನ್ನ ಬಿಳಿ ತಲೆ ನೋಡಿ ತನ್ನ ಪ್ಲಾಸ್ಟಿಕ್ ಕುರ್ಚಿಯನ್ನೇ ತಂದುಕೊಟ್ಟ. ವೇದಿಕೆಯ ಮೇಲೆ ಒಬ್ಬ ಡ್ರಮ್ಮನ್ನು ಮತ್ತೆ ಮತ್ತೆ ಒಂದೇ ಪೆಟ್ಟು ಹೊಡೆಯುತ್ತಿದ್ದ. ಮೈದಾನದ ನಡುವೆ ಮಿಕ್ಸರ್ ಮುಂದೆ ಕೂತವನು ಗುಂಡಿ ತಿರುಗಿಸುತ್ತಿದ್ದ. ನಮ್ಮ ಮೈಕ್ ಟೆಸ್ಟಿಂಗೇ ಇದು, ಸ್ವಲ್ಪ ದೀರ್ಘ. ಬೇಸರವೂ ಬಂತು.

ಕೊನೆಗೆ ರಘು ದೀಕ್ಷಿತ್ ಬಂದರು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೊರಳಿಗೆ ಗಿಟಾರ್. ಮೈಸೂರಿನಲ್ಲಿ ಬೆಳೆದವರು, ಭರತನಾಟ್ಯ ಕಲಿತವರು, ಓದಿದ್ದು ಮೈಕ್ರೋಬಯಾಲಜಿ. ಅವರ ಮೊದಲ ಆಲ್ಬಂ ಹೊರಬಂದದ್ದು 2008ರಲ್ಲಿ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿದರು.

ನಾನು ಮಷಿನ್ ತೆಗೆದು ಜೇಬಿಗೆ ಹಾಕಿ ಪ್ಲಗ್ ಇಟ್ಟುಕೊಂಡೆ. ಡ್ರಮ್ಮಿನವನು ಕೋಲಿಗೆ ಕೋಲು ತಟ್ಟಿದ್ದು ಕಂಡಿತು, ಕೇಳಲಿಲ್ಲ. ಕಂಚಿನ ಸಿಂಬಲ್ ನಡುಗಿದ್ದು ಕಂಡಿತು, ಅದೂ ಕೇಳಲಿಲ್ಲ. ಇಷ್ಟೇನಾ ಎನ್ನುವಷ್ಟರಲ್ಲಿ ದೊಡ್ಡ ಡ್ರಮ್ಮು, ಬೇಸ್ ಗಿಟಾರ್ ಎರಡೂ ಒಟ್ಟಿಗೆ ಎದ್ದವು. ಸದ್ದು ಕಿವಿಗೆ ಬರಲಿಲ್ಲ, ಕುರ್ಚಿಗೆ ಬಂತು! ಅಂಗಾಲಿಗೆ, ಪಕ್ಕೆಲುಬಿಗೆ ಬಂತು. ದೇವಸ್ಥಾನದಲ್ಲಿ ಡೋಲಿನವರ ಪಕ್ಕ ನಿಂತರೆ ಹೊಟ್ಟೆಯೊಳಗೆ ಆಗುತ್ತದಲ್ಲ, ಹಾಗೆ. ಕೆಳಗಿನ ಸ್ವರಗಳ ಅಲೆ ಉದ್ದ, ಅದು ಗಾಳಿಯಲ್ಲೂ ನೆಲದಲ್ಲೂ ಹಾದು ಮೈಯನ್ನೇ ಅಲುಗಿಸುತ್ತದೆ. ಎರಡು ವರ್ಷದ ಮೇಲೆ ನನ್ನ ಕಾಲು ತಾನಾಗಿಯೇ ತಾಳ ಹಾಕಿತು.

ಮಾತುಗಳು ಮಾತ್ರ ತಿಳಿಯುತ್ತಿರಲಿಲ್ಲ. ಎಷ್ಟೋ ಹಾಡುಗಳು ಹಾಗೇ ದಾಟಿಹೋದವು, ಕೆಲವು ಹಿಂದಿಯವು ಬೇರೆ. ಆಮೇಲೆ ಸುತ್ತಲಿನ ಹುಡುಗರೆಲ್ಲ ಒಮ್ಮೆಲೇ ಕೈ ಎತ್ತಿದರು. ಮೊಮ್ಮಗಳು ನನ್ನ ಮುಖಕ್ಕೆ ಮುಖ ಕೊಟ್ಟು ತುಟಿ ಬಿಡಿಸಿ ಹೇಳಿದಳು: “ಗುಡು-ಗುಡಿ!”

ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’. ಹೊಸಮನೆಯ ಮನೆಗಳಲ್ಲಿ ತಾಳ, ದಮ್ಮಡಿ ಹಿಡಿದು ಹಾಡುತ್ತಿದ್ದ ತತ್ವಪದ. ನನಗೆ ಪೂರ್ತಿ ಬಾಯಿಪಾಠ. 1819ರಿಂದ 1889ರವರೆಗೆ ಬದುಕಿದ್ದ ಸಂತಕವಿಯ ಪದ ಇಷ್ಟು ಹುಡುಗರ ಬಾಯಲ್ಲಿ! ಕೇಳದ ಮಾತುಗಳನ್ನು ನಾನೇ ತುಂಬಿಕೊಂಡು ಹಾಡಿದೆ. ಎಷ್ಟು ಜೋರಾಗಿ ಹಾಡಿದೆನೋ ನನಗೆ ತಿಳಿಯದು, ಮುಂದಿನ ಸಾಲಿನ ಇಬ್ಬರು ತಿರುಗಿ ನೋಡಿ ನಕ್ಕು, ಜೊತೆ ಸೇರಿದರು.

ಒಂದು ತಕರಾರು ಉಂಟು. ಅರ್ಧಕ್ಕರ್ಧ ಜನ ಹಾಡಿಡೀ ಫೋನ್ ಎತ್ತಿ ಹಿಡಿದಿದ್ದರು. ಹಿಂದೆ ಕೂತವನಿಗೆ ಕಂಡದ್ದು ಬರೀ ಫೋನುಗಳು.

ವಾಪಸು ರೈಲಿನಲ್ಲಿ ಅವಳು ನನ್ನ ಬಲಗಿವಿಯ ಹತ್ತಿರ ಬಂದು, “ಅಜ್ಜ, ಗುಡುಗುಡಿ ಅಂದ್ರೆ ಹುಕ್ಕಾ ತಾನೇ? ಅದನ್ನು ಸೇದು ಅಂತ ಯಾಕೆ ಹೇಳ್ತಾರೆ?” ಎಂದಳು. ಹಾಡು ಬರುತ್ತಿತ್ತು, ಅರ್ಥ ಯಾರೂ ಹೇಳಿರಲಿಲ್ಲ. ಹೊಗೆಸೊಪ್ಪಿನ ಮಾತಲ್ಲ, ಒಳಗಿನ ಮೋಹವನ್ನು ಸುಡುವ ಮಾತು ಎಂದೆ. ಮನಸ್ಸನ್ನು ಸಂಚಿಗೆ ಹೋಲಿಸಿದ್ದಾರೆ ಎಂದದ್ದೇ, “ಸಂಚಿ ಅಂದ್ರೆ?” ಎಂಬ ಪ್ರಶ್ನೆ ಬಂತು.

“ನಿನ್ನ ಮುತ್ತಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಅಡಿಕೆ ಚೀಲ. ಅಟ್ಟದ ಟ್ರಂಕಿನಲ್ಲಿ ಇರಬೇಕು.”

ತರೀಕೆರೆ ದಾಟುವವರೆಗೂ ಒಂದೊಂದೇ ಸಾಲು ಕೇಳುತ್ತಾ ಹೋದಳು. ಮನೆಗೆ ಬಂದವಳು ಚಪ್ಪಲಿ ಬಿಟ್ಟು ಸೀದಾ ಏಣಿ ಹುಡುಕಿದಳು. ನಾನು ರೇಡಿಯೋ ಹೊರಗೆ ತೆಗೆದು ಮೇಜಿನ ಮೇಲಿಟ್ಟು, ಅದರ ಮೇಲೆ ಅಂಗೈ ಊರಿದೆ.