ಕಾಗದ, ಮೇಣದ ಕಡ್ಡಿ ಮತ್ತು ಶಾಸನ: ಗಡಿನಾಡಿನ ವಸ್ತುಸಂಗ್ರಹಾಲಯಗಳಿಗೊಂದು ಚಟುವಟಿಕೆ

ಶಾಸನವೊಂದನ್ನು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ ಮಾತ್ರಕ್ಕೆ ಅದು ನೋಡುಗರ ಪಾಲಿಗೆ ಬರಹವಾಗುವುದಿಲ್ಲ. ಕರ್ನಾಟಕದ ಗಡಿಯಾಚೆಯ ಕನ್ನಡ ಪ್ರದೇಶಗಳಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಹಳೆಯ ಲಿಪಿ ತಜ್ಞರಲ್ಲದ ಎಲ್ಲರಿಗೂ ಅಪರಿಚಿತ. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ ಮಾತ್ರ ಓದಿದವರಿಗೆ ಇಂದಿನ ಕನ್ನಡ ಲಿಪಿಯೂ ದೂರವೇ. ವಿದ್ಯುತ್ ಪರದೆಗಳ ಹಂಗಿಲ್ಲದೆ ತೆಳುಕಾಗದ ಮತ್ತು ಮೇಣದ ಬಣ್ಣದ ಕಡ್ಡಿಯಿಂದ ನಡೆಸಬಹುದಾದ ಚಟುವಟಿಕೆಯೊಂದು ಈ ಅಂತರವನ್ನು ತಗ್ಗಿಸಬಲ್ಲದು.

ಇದರ ಮೂಲ ಶಾಸನತಜ್ಞರ ಪಡಿಯಚ್ಚಿನ ವಿಧಾನ. ತೊಳೆದ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ ಕುಂಚದಿಂದ ಬಡಿದಾಗ ಕಾಗದವು ಅಕ್ಷರಗಳ ಕುಳಿಗೆ ಇಳಿಯುತ್ತದೆ. ಅನಂತರ ಮಸಿ ಹಚ್ಚಿದ ಬಟ್ಟೆಯ ಉಂಡೆಯಿಂದ ತಟ್ಟಿದರೆ ಮೇಲ್ಮೈ ಕಪ್ಪಾಗಿ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಸಂದರ್ಶಕರಿಗೆ ಒಣಕಾಗದದ ಮೇಲೆ ಮೇಣದ ಕಡ್ಡಿಯನ್ನು ಅಡ್ಡಲಾಗಿ ಉಜ್ಜುವ ಸರಳ ರೂಪವೇ ಸಾಕು. ಆದರೆ ಮೂಲಶಾಸನವನ್ನು ಇದಕ್ಕೆ ಬಳಸಲಾಗದು. ಪದೇ ಪದೇ ಉಜ್ಜಿದರೆ ಸವೆದ ಕಲ್ಲು ಇನ್ನಷ್ಟು ಸವೆಯುತ್ತದೆ. ಸುಟ್ಟ ಜೇಡಿಮಣ್ಣಿನಲ್ಲಿ ಅಥವಾ ಸಿಮೆಂಟಿನಲ್ಲಿ ಒಂದೆರಡು ಸಾಲುಗಳ ಪ್ರತಿಕೃತಿ ಮಾಡಿಸಿದರೆ ಕೆಲಸ ಸಾಗುತ್ತದೆ.

ಅಚ್ಚು ತೆಗೆಯುವುದು ಮೊದಲ ಹಂತವಷ್ಟೆ; ಓದು ಎರಡನೆಯದು. ಹಳೆಯ ಅಕ್ಷರ, ಇಂದಿನ ಕನ್ನಡ ಅಕ್ಷರ ಹಾಗೂ ಸ್ಥಳೀಯ ಲಿಪಿಯ ಅಕ್ಷರಗಳನ್ನು ಸಾಲಾಗಿಟ್ಟ ಪಟ್ಟಿಯೊಂದನ್ನು ಕೈಗೆ ಕೊಟ್ಟರೆ ಸಂದರ್ಶಕನು ತಾನು ತೆಗೆದ ಅಚ್ಚನ್ನು ತಾನೇ ಬಿಡಿಸಿಕೊಳ್ಳುತ್ತಾನೆ. ಇಲ್ಲಿ ದ್ವಿಭಾಷಿಕತೆ ಕೊರತೆಯಾಗದೆ ನೆರವಾಗುತ್ತದೆ. ಹಳಗನ್ನಡದ ಏೞು, ಬಾೞೆ ಎಂಬ ರೂಪಗಳು ಹೊಸಗನ್ನಡದಲ್ಲಿ ಏಳು, ಬಾಳೆ ಆಗಿವೆ. ೞಕಾರ ಕನ್ನಡದಿಂದ ಮರೆಯಾಗಿದೆ. ತಮಿಳು, ಮಲಯಾಳಗಳ ಬರಹದಲ್ಲಿ ಅದು ಇಂದಿಗೂ ಜೀವಂತ. ಕರ್ನಾಟಕದ ಓದುಗನಿಗೆ ವಿವರಿಸಬೇಕಾದ ಅಕ್ಷರವನ್ನು ಕಾಸರಗೋಡು, ಹೊಸೂರುಗಳ ಬಾಲಕಿ ತನ್ನ ಶಾಲೆಯ ಭಾಷೆಯಿಂದಲೇ ಗುರುತಿಸಬಲ್ಲಳು. ಆದವಾನಿ, ರಾಯದುರ್ಗಗಳಲ್ಲಿ ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವೆಂಬ ಸಂಗತಿ ತಲೆಕಟ್ಟುಗಳನ್ನು ಹೋಲಿಸುವಷ್ಟರಲ್ಲಿ ಮನವರಿಕೆಯಾಗುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಿಗೆ ಶ್ರವಣಬೆಳಗೊಳದ ಮಾದರಿ ಒಪ್ಪುತ್ತದೆ. ಅಲ್ಲಿ ಗೊಮ್ಮಟನ ಪಾದಗಳ ಬಳಿ, ಮೂರ್ತಿಯನ್ನು ಚಾವುಂಡರಾಯನು ಮಾಡಿಸಿದನೆಂಬ ಮಾತನ್ನು ಕನ್ನಡ, ತಮಿಳು, ಮರಾಠಿ ಮೂರರಲ್ಲಿಯೂ ಕೊರೆಯಲಾಗಿದೆ. ಕನ್ನಡ ಮತ್ತು ಮರಾಠಿ ಸಾಲುಗಳ ಪ್ರತಿಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಾಗರಿ ಬಲ್ಲವನು ಬಲ್ಲ ಸಾಲಿನಿಂದ ಅರಿಯದ ಸಾಲಿಗೆ ದಾಟಬಹುದು.

ಈ ಚಟುವಟಿಕೆಯ ಸಾಫಲ್ಯವನ್ನು ಮನೆಗೊಯ್ದ ಕಾಗದಗಳ ಎಣಿಕೆಯಿಂದ ಅಳೆಯಲಾಗದು. ಪಟ್ಟಿಯನ್ನು ಬದಿಗಿಟ್ಟು ಪಕ್ಕದ ಮೂಲಶಿಲೆಯಲ್ಲಿ ಎರಡು ಅಕ್ಷರಗಳನ್ನಾದರೂ ಸಂದರ್ಶಕನು ಗುರುತಿಸಿದನೇ ಎಂಬುದೇ ಒರೆಗಲ್ಲು. ಗುರುತಿಸಿದವನಿಗೆ ಊರ ಗುಡಿಯ ಮುಂದಿನ ಕಲ್ಲು ಬಟ್ಟೆ ಒಗೆಯುವ ಹಾಸುಗಲ್ಲಾಗಿ ಕಾಣುವುದಿಲ್ಲ. ಶಾಸನ ಉಳಿಯುವುದು ಕಡೆಗೆ ಅಂಥವರ ಕಣ್ಗಾಪಿನಲ್ಲಿಯೇ.